ಕೊನೆಯ ಬೆಂಚಿನಲ್ಲಿ ಪಕ್ಕ ಕೂತ ಅಕ್ಕನಿಗೆ

ಅಮ್ಮನನ್ನು ಮಣ್ಣು ಮಾಡಿದ ಮುಂದಿನ ಭಾನುವಾರ. ಚರ್ಚಿನಲ್ಲಿ ಎಲ್ಲರೂ ಹಾಡುತ್ತಿದ್ದರು, ನನ್ನ ಬಾಯಿಂದ ಒಂದು ಸಾಲೂ ಹೊರಡಲಿಲ್ಲ. ನೀವು ಬಂದು ಪಕ್ಕದಲ್ಲಿ ಕೂತಿರಿ. ‘ಅಳಬೇಡ, ದೇವರ ಚಿತ್ತ’ ಅನ್ನಲಿಲ್ಲ. ಆ ಮಾತು ಕೇಳಿ ಕೇಳಿ ನನಗೆ ಸಾಕಾಗಿತ್ತು. ಸುಮ್ನೆ ನಿಮ್ಮ ಬೈಬಲ್ ತೆರೆದು ಯೋಹಾನ 11ನೇ ಅಧ್ಯಾಯದ 35ನೇ ವಚನದ ಮೇಲೆ ಬೆರಳಿಟ್ಟಿರಿ. ಯೇಸುಸ್ವಾಮಿ ಕಣ್ಣೀರು ಹಾಕಿದ ವಚನ. ತೀರಿಹೋದ ಗೆಳೆಯ ಲಾಜರನನ್ನು ಇನ್ನೇನು ಸಾವಿನಿಂದ ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಅತ್ತರು, ಅಲ್ವಾ! ಆ ಪುಟದ ಅಂಚು ಮುಟ್ಟಿ ಮುಟ್ಟಿ ಸವೆದಿತ್ತು. ನೀವೂ ಯಾರನ್ನೋ ಕಳೆದುಕೊಂಡಿರಬೇಕು.

ಅವತ್ತು ರಾತ್ರಿ ಅಮ್ಮ ನನಗೆ ಸಿಕ್ಕಿದ್ದಕ್ಕೆ ದೇವರಿಗೆ ಸ್ತೋತ್ರ ಹೇಳಿದೆ, ಅಳುತ್ತಲೇ. ನಿಮ್ಮ ಹೆಸರು ಕೇಳಲೂ ಆಗಲಿಲ್ಲ. ಅಕ್ಕಾ, ನಿಮಗೆ ತುಂಬು ಮನಸ್ಸಿನ ಥ್ಯಾಂಕ್ಸ್.