ಒಂದೇ ಬೈಕಿಗಿ ಪ್ರೆಸ್ಸೂ ಅಡ್ವೊಕೇಟೂ

ಸಂಪಾದಕರೇ, ನಮಸ್ಕಾರ್ರಿ.

ಕಲಬುರಗಿ ಕೋರ್ಟ್ ಕಡಿ ಬಂದ್ರ ಒಂದೇ ಬೈಕಿಗಿ ‘ಪ್ರೆಸ್’, ‘ಅಡ್ವೊಕೇಟ್’ ಎರಡೂ ಸ್ಟಿಕ್ಕರ್ ಹಚ್ಚಿದ್ದು ಕಾಣ್ತದ. ಪೊಲೀಸ್ರು ಹಿಡಿಬಾರ್ದಂತ ಡಬಲ್ ಬಂದೋಬಸ್ತ್ ಇರಬೇಕು ಬಿಡ್ರಿ. ವಕೀಲರ ನಡತಿಗಿ ನಿಯಮ ಮಾಡೋ ಭಾರತೀಯ ಬಾರ್ ಕೌನ್ಸಿಲ್‌ನ ನಿಯಮ 49ರ ಪ್ರಕಾರ ಪ್ರಾಕ್ಟೀಸ್ ಮಾಡೋ ವಕೀಲ್ರು ಫುಲ್ ಟೈಮ್ ಸಂಬಳದ ನೌಕರಿ ಮಾಡಂಗಿಲ್ಲ, ಆದ್ರ ನಿಯಮ 51 ನೋಡಿದ್ರ ಪೇಪರ್‌ಗೆ ಹೋಗೋ ಸುದ್ದಿನ ಚೆಕ್ ಮಾಡಿಕೊಡಬಹುದು, ತಮ್ಮ ಜಾಹೀರಾತೂ ಫುಲ್ ಟೈಮ್ ನೌಕರಿನೂ ಆಗದಂಗ ಪತ್ರಿಕೋದ್ಯಮಾನೂ ಮಾಡಬಹುದು ಅಂತದ. ಹಂಗಿದ್ರೂ 2024ರಾಗ ಉತ್ತರ ಪ್ರದೇಶದ ವಕೀಲರೊಬ್ಬರ ಕೇಸಿನ್ಯಾಗ ಇದೇ ಕೌನ್ಸಿಲ್ ಸುಪ್ರೀಂ ಕೋರ್ಟ್ ಮುಂದ ವಕೀಲ್ರು ಪತ್ರಕರ್ತರಾಗಂಗಿಲ್ಲ ಅಂತು, ಅವ್ರು ಪತ್ರಕರ್ತ ಕೆಲಸ ಬಿಡ್ತೀನಂತ ಒಪ್ಪಿಕೊಂಡ್ರು.

ತಮ್ಮ ಕಕ್ಷಿದಾರನ ಸುದ್ದಿ ತಾವೇ ಬರಿಯೋದು ತಪ್ಪೇ ರೀ, ಅದ್ರಾಗ ಎರಡು ಮಾತಿಲ್ಲ. ಆದ್ರ ಕಾನೂನು ಗೊತ್ತಿಲ್ದವ್ರು ಬರಿಯೋದೂ ಕಮ್ಮಿ ತ್ರಾಸಲ್ಲ, ಎಫ್‌ಐಆರ್ ಆದ್ರ ಸಾಕು ‘ಅಪರಾಧಿ’, ಜಾಮೀನು ಸಿಕ್ರ ‘ಖುಲಾಸೆ’, ಪೋಕ್ಸೋ (ಮಕ್ಕಳ ಮ್ಯಾಲಿನ ಲೈಂಗಿಕ ಅಪರಾಧ) ಕೇಸಿದ್ರ ಕೂಸಿನ ಹೆಸರು ಬಿಟ್ಟು ಊರು, ಸಾಲಿ, ಅಪ್ಪನ ಹೆಸರು ಎಲ್ಲಾ ಹಾಕಿಬಿಡ್ತಾರ. ಪೋಕ್ಸೋ ಕಾಯ್ದೆ ಕಲಂ 23ರಾಗ ಕೂಸಿನ ಗುರುತು ಸಿಗೋ ಯಾವ ವಿವರಾನೂ ಹಾಕಬಾರ್ದಂತ ಇದ್ದೇ ಅದಲ್ರಿ?

ಕೋರ್ಟಿನ ಸುದ್ದಿ ಬರದ್ರ ನ್ಯಾಯಾಂಗ ನಿಂದನೆ ಆಗ್ತದಂತ ಅಂಜೋದೂ ಬ್ಯಾಡ, ನ್ಯಾಯವಾಗಿ, ಸರಿಯಾಗಿ ವರದಿ ಮಾಡಿದ್ರ 1971ರ ನ್ಯಾಯಾಂಗ ನಿಂದನೆ ಕಾಯ್ದೆ ಕಲಂ 4 ರಕ್ಷಣಾ ಕೊಡ್ತದ. ಇಲ್ಲಿ ಹೈಕೋರ್ಟ್ ಪೀಠಾನೇ ಅದ, ವಕೀಲರಿಗೇನು ಬರ ಇಲ್ಲ. ನಿಮ್ಮ ಡೆಸ್ಕಿಗಿ ನಿಯಮ 51ರಂಗ ಒಬ್ಬ ವಕೀಲರ್ನ ಇಟ್ಕೊಳ್ರಿ, ಕ್ರೈಮ್ ಪೇಜ್ ಪ್ರಿಂಟಿಗಿ ಹೋಗೋ ಮೊದಲ ಅವ್ರಿಗಿ ತೋರಿಸ್ರಿ.

ಇಂತಿ, ನಿಮ್ಮ ಓದುಗ, ಕಲಬುರಗಿ