ರೊಟ್ಟಿ ಅಕ್ಕನಿಗೆ, ಮತ್ತು ಉಳಿದವರಿಗೂ

ನಿನ್ನೆ ಒಂಬತ್ತನೇ ಕ್ಲಾಸಿಗೆ ತ್ರಿಭುಜದ ಪ್ರಮೇಯ ಬಿಡಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ನೀವೀಗ ಕುರ್ಚಿ ಮೇಲೆ ಕೂರೋದೇ ಇಲ್ಲ" ಅಂದಳು. ಸೀಮೆಸುಣ್ಣ ಹಿಡಿದ ಕೈ ಅಲ್ಲೇ ನಿಂತಿತು. ಹೌದಲ್ಲ! ತಿಂಗಳಿಗೆ ನಾಲ್ಕೈದು ದಿನ ಕುರ್ಚಿಯಲ್ಲಿ ಕುಗ್ಗಿ ಕೂತು, ಬೋರ್ಡಿಗೆ ಮಕ್ಕಳನ್ನೇ ಕರೆಸಿ ಲೆಕ್ಕ ಮಾಡಿಸುತ್ತಿದ್ದ ಮಿಸ್ಸು ನಾನು. ಅದನ್ನು ಅವರು ನನ್ನ ಪಾಠದ ಪದ್ಧತಿ ಅಂದುಕೊಂಡಿದ್ದರಂತೆ.

ಮುಟ್ಟಿನ ದಿನಗಳ ಆ ಹೊಟ್ಟೆನೋವಿಗೆ ಆಪರೇಷನ್ ಆಗಿ ಇವತ್ತಿಗೆ ಸರಿಯಾಗಿ ಒಂದು ವರ್ಷ. ಎಷ್ಟು ಹೊಲಿಗೆ, ಬಿಲ್ಲೆಷ್ಟು ಅನ್ನೋದೆಲ್ಲ ಮತ್ತೆ ಹೇಳುವುದಿಲ್ಲ. ಅರ್ಧ ದಾವಣಗೆರೆಗೆ ನಮ್ಮತ್ತೆ ಆಗಲೇ ಫೋನ್ ಮಾಡಿ ಹೇಳಿಯಾಗಿದೆ. ಋಣ ಇದ್ದವರ ಲೆಕ್ಕ ಮಾತ್ರ ಇಲ್ಲಿ.

ನನ್ನ ಪೀರಿಯಡ್ಸ್ ದೆಸೆಯಿಂದ ನನ್ನ ಪಿರಿಯಡ್‌ಗಳನ್ನೆಲ್ಲ ತಾವು ತೆಗೆದುಕೊಂಡ ಕನ್ನಡದ ಮೇಡಂ ಮತ್ತು ಪಿ.ಟಿ. ಸರ್, ರಜೆ ಅರ್ಜಿಯಲ್ಲಿ ಕಾರಣ ಕೆದಕದ ಹೆಡ್‌ಮಾಸ್ಟರು, ಭರಮಸಾಗರದ ಕಡೆ ಹೋಗುವ ಬೆಳಗಿನ ಬಸ್ಸಿನಲ್ಲಿ ನನ್ನ ಮುಖ ನೋಡಿಯೇ ಮುಂದಿನ ಸೀಟು ಬಿಡಿಸಿಕೊಡುತ್ತಿದ್ದ ಕಂಡಕ್ಟರಣ್ಣ, ದುಗ್ಗಮ್ಮನಿಗೆ ಉಡಿ ತುಂಬಲು ಹರಕೆ ಹೊತ್ತ ಅಮ್ಮ, ಇಂಟರ್ನೆಟ್ ನೋಡಿ ನನಗಿಂತ ಜಾಸ್ತಿ ಹೆದರಿದ ತಮ್ಮ, ಎಲ್ಲರಿಗೂ ಕೈ ಮುಗಿದೆ. ಯಜಮಾನರಿಗೆ ಬೇರೆ ಹೇಳಬೇಕು. ಮೆಡಿಕಲ್ ಶಾಪಿನಲ್ಲಿ ಪ್ಯಾಡ್ ಕೇಳಲು ನಾಚುತ್ತಿದ್ದ ಮನುಷ್ಯ ಈಗ ನನ್ನ ಫೈಲಿನಲ್ಲಿ ಯಾವ ರಿಪೋರ್ಟು ಎಲ್ಲಿದೆ ಅಂತ ಕಣ್ಣು ಮುಚ್ಚಿ ತೆಗೆಯುತ್ತಾರೆ. ಅಷ್ಟು ಸಾಕು, ಹೆಚ್ಚು ಹೊಗಳಿದರೆ ನಾಳೆ ಬೆಣ್ಣೆದೋಸೆ ಕೊಡಿಸುವುದು ತಪ್ಪುತ್ತದೆ.

ಇನ್ನು ರೊಟ್ಟಿ ಅಕ್ಕ.

ನಮ್ಮದು ಹಳೇ ಊರಿನ ಕಿರಿದಾದ ಓಣಿ. ನಮ್ಮ ಬಾಗಿಲಿಗೆ ಎದುರು ಬಾಗಿಲು ಅವರದು. ಗಂಡ ಕೆಲಸ ಮಾಡುತ್ತಿದ್ದ ಬಟ್ಟೆ ಮಿಲ್ಲು ಮುಚ್ಚಿದ ಮೇಲೆ ಜೋಳದ ರೊಟ್ಟಿ ಬಡಿದು ಮಾರುವುದಕ್ಕೆ ಕೂತವರು ಇವತ್ತಿಗೂ ಎದ್ದಿಲ್ಲ. ಬೆಳಗಿನ ಜಾವ ಮೂರಕ್ಕೆ ಅವರ ಒಲೆ ಹತ್ತುತ್ತದೆ. ಮದುವೆಯಾಗಿ ಬಂದ ಹೊಸತರಲ್ಲಿ ಆ ಪಟಪಟ ಸದ್ದಿಗೆ ನಿದ್ದೆ ಕೆಡುತ್ತಿದೆ ಅಂತ ಯಜಮಾನರ ಹತ್ತಿರ ಗೊಣಗಿದವಳು ನಾನೇ. ಅಕ್ಕಾ, ಇದು ನಿಮಗೆ ಗೊತ್ತಿರಲಿಲ್ಲ, ಈಗ ಗೊತ್ತಾಯಿತು, ಬೈಯಿರಿ.

ಆಪರೇಷನ್ನಿಗೆ ಮೂರು ತಿಂಗಳ ಮುಂಚಿನ ಮಾತು. ಯಜಮಾನರು ಟ್ರೇನಿಂಗಿಗೆಂದು ಬೆಂಗಳೂರಿಗೆ ಹೋಗಿದ್ದರು, ಅತ್ತೆ ಹೊಳಲ್ಕೆರೆಯ ಮಗಳ ಮನೆಯಲ್ಲಿ. ರಾತ್ರಿ ಒಂದು ಗಂಟೆಗೆ ನೋವು ಶುರುವಾಯಿತು. ಮಾತ್ರೆ ನುಂಗಿದೆ, ವಾಂತಿಯಾಯಿತು. ಇನ್ನೊಂದು ನುಂಗಿದೆ, ಅದೂ ಹೋಯಿತು. ಬಚ್ಚಲಿಗೆ ಹೋದವಳು ಬಿದ್ದದ್ದು ಗೊತ್ತು, ಎಷ್ಟು ಹೊತ್ತು ಬಿದ್ದಿದ್ದೆ ಗೊತ್ತಿಲ್ಲ. ಕಲ್ಲುಹಾಸಿನ ತಂಪು ಕೆನ್ನೆಗೆ ತಾಗುತ್ತಿತ್ತು, ಅದೊಂದೇ ಹಿತವಾಗಿತ್ತು. ಆಮೇಲೆ ಕಿಟಕಿಯಲ್ಲಿ ಹಳದಿ ಬೆಳಕು ಕಂಡಿತು. ಅಕ್ಕನ ಅಡುಗೆಮನೆ ದೀಪ. ಮೂರಾಗಿದೆ ಅಂತ ಲೆಕ್ಕ ಸಿಕ್ಕಿತು. ತೆವಳಿಕೊಂಡು ಹೋಗಿ ಚಿಲಕ ತೆಗೆದು ಕೂಗಿದೆ.

ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಏನು ಎತ್ತ ಕೇಳಲಿಲ್ಲ. ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿ ಕೂರಿಸಿದರು. ತಮ್ಮ ಹಂಚಿನ ಮೇಲೆ ಕಲ್ಲುಪ್ಪು ಹುರಿದು, ಹಳೇ ಸೀರೆ ತುಂಡಿನಲ್ಲಿ ಗಂಟು ಕಟ್ಟಿ ತಂದು ಕಿಬ್ಬೊಟ್ಟೆಗೆ ಇಟ್ಟರು. ಆರಿದಂತೆಲ್ಲ ಓಣಿ ದಾಟಿ ಹೋಗಿ ಬಿಸಿ ಮಾಡಿ ತರುವುದು. ಎಷ್ಟು ಸಲ ಅಂತ ಎಣಿಸಲಿಲ್ಲ. ಐದು ಗಂಟೆಗೂ ತಗ್ಗದಿದ್ದಾಗ ಆಟೋ ಕರೆಸಿದರು.

ಆಸ್ಪತ್ರೆಯ ಡ್ಯೂಟಿ ಡಾಕ್ಟರು, ಚಿಕ್ಕ ಹುಡುಗ, ಹೊಟ್ಟೆ ಒತ್ತಿ ನೋಡಿ "ಗ್ಯಾಸ್ಟ್ರಿಕ್ ಇರಬೇಕು" ಅಂದರು. ನನಗೇನೂ ಹೊಸದಲ್ಲ. ಹದಿನಾಲ್ಕನೇ ವಯಸ್ಸಿನಿಂದ ಗ್ಯಾಸ್ಟ್ರಿಕ್, ಅಪೆಂಡಿಕ್ಸ್, ರಕ್ತ ಕಡಿಮೆ, "ಮದುವೆಯಾದರೆ ಹೋಗುತ್ತೆ" ಎಲ್ಲ ಕೇಳಿದ್ದೆ. ಮದುವೆಯಾದ ಮೇಲೆ "ಮಗುವಾದರೆ ಹೋಗುತ್ತೆ". ನಾನು ತಲೆಯಾಡಿಸಿದೆ. ಅಕ್ಕ ಆಡಿಸಲಿಲ್ಲ.

"ಗ್ಯಾಸಿಗೆ ಯಾರಾದ್ರೂ ಬಚ್ಚಲಾಗೆ ಬೀಳ್ತಾರೇನಪ್ಪಾ? ತಿಂಗಳ ತಿಂಗಳ ಅದೇ ದಿನಕ್ಕೇ ಗ್ಯಾಸ್ ಬರತೈತೇನು? ಹೆಣ್ಮಕ್ಕಳ ಡಾಕ್ಟರಿಗೆ ತೋರ್ಸು ಅಂತ ಚೀಟಿ ಬರ್ಕೊಡು, ಅಲ್ಲೀತನ ನಾನು ಏಳಾಕಿಲ್ಲ."

ಹುಡುಗ ನಕ್ಕರೂ ಬರೆದುಕೊಟ್ಟರು. ಮನೆಗೆ ಬಂದು ನೈಟಿ ಬಿಚ್ಚಿದಾಗ ಬೆನ್ನ ಮೇಲೆ ಐದೂ ಬೆರಳು ಎದ್ದು ಕಾಣುವ ಹಾಗೆ ಜೋಳದ ಹಿಟ್ಟಿನ ಬಿಳೀ ಕೈ ಗುರುತಿತ್ತು.

ಆ ಚೀಟಿ ಹಿಡಿದು ಹೋದ ಡಾಕ್ಟರಮ್ಮನಿಗೂ ನಾನು ಋಣಿ. ಅವರು ಮೊದಲು ಹೊಟ್ಟೆ ಮುಟ್ಟಲಿಲ್ಲ, ಪ್ರಶ್ನೆ ಕೇಳಿದರು. ನೋವು ಮುಟ್ಟಿಗೆ ಎಷ್ಟು ದಿನ ಮುಂಚೆ ಶುರು? ಆ ದಿನಗಳಲ್ಲಿ ಸಂಡಾಸಿಗೆ ಕೂತಾಗ ಚುಚ್ಚುತ್ತದೆಯೇ? ಗಂಡನ ಜೊತೆ ಸೇರುವಾಗ? ಹದಿನೇಳು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆಗಳು. ಪಕ್ಕದಲ್ಲಿ ಅಕ್ಕ ಇದ್ದಾರಲ್ಲ ಅಂತ ಬಾಯಿ ಕಟ್ಟಿತು. ಅವರು ಗೋಡೆಯ ಕಡೆ ತಿರುಗಿ, "ಹೇಳು ತಂಗಿ, ನನಗೆ ಕಿವಿ ಕೇಳಾಕಿಲ್ಲ ಅನ್ಕೋ" ಅಂದರು.

ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರವನ್ನು ಹೋಲುವ ಪದರ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಮೇಲೆ, ಮೂತ್ರಕೋಶದ ಸುತ್ತ ಬೆಳೆಯುವುದು. ತಿಂಗಳ ಹಾರ್ಮೋನಿಗೆ ಅದೂ ಕೆರಳುತ್ತದೆ, ಅದರಿಂದಲೂ ರಕ್ತ ಒಸರುತ್ತದೆ. ಗರ್ಭಕೋಶದ ರಕ್ತಕ್ಕೆ ಹೊರಬರಲು ದಾರಿಯಿದೆ, ಇದಕ್ಕಿಲ್ಲ. ಅಲ್ಲೇ ಉರಿಯೂತ ಎದ್ದು, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನನ್ನ ಎಡ ಅಂಡಾಶಯದಲ್ಲಿ ಹಳೇ ರಕ್ತ ಕೂಡಿ ಐದು ಸೆಂಟಿಮೀಟರಿನ ಗಡ್ಡೆಯಾಗಿತ್ತು. ಒಳಗಿನ ರಕ್ತ ಕಂದು ಬಣ್ಣಕ್ಕೆ ಮಂದವಾಗಿರುತ್ತದೆಂದು ಅದಕ್ಕೆ ಚಾಕೊಲೇಟ್ ಸಿಸ್ಟ್ ಅನ್ನುತ್ತಾರೆ. ಆ ಹೆಸರಿಟ್ಟವರು ಯಾರೋ, ನನಗೆ ಚಾಕೊಲೇಟಿನ ಮೇಲೆ ಇದ್ದ ಆಸೆ ಹೋಯಿತು.

ಹಿಂದೆ ಎರಡು ಸಲ ಸ್ಕ್ಯಾನ್ "ನಾರ್ಮಲ್" ಬಂದಿತ್ತು. ತೆಳ್ಳಗೆ ಹರಡಿದ್ದು ಸ್ಕ್ಯಾನಿಗೆ ಕಾಣದೇ ಹೋಗಬಹುದಂತೆ. ಮೊದಲೆಲ್ಲ ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ನೋಡಿದರಷ್ಟೇ ಖಾತ್ರಿ ಅನ್ನುತ್ತಿದ್ದರು. 2022ರ ಯುರೋಪಿನ ಮಾರ್ಗಸೂಚಿಯ ಪ್ರಕಾರ ಎಲ್ಲರಿಗೂ ಅದು ಬೇಕಿಲ್ಲ. ಲಕ್ಷಣ ನೋಡಿ, ಒಳ್ಳೆಯ ಸ್ಕ್ಯಾನ್ ಅಥವಾ ಎಂಆರ್‌ಐ ಮಾಡಿಸಿ, ಮಾತ್ರೆ ಶುರುಮಾಡಬಹುದು. ಸಿಎ-125 ಅನ್ನೋ ರಕ್ತಪರೀಕ್ಷೆ ಏರಿದ್ದನ್ನು ನೋಡಿ ನನ್ನ ತಮ್ಮ ಕ್ಯಾನ್ಸರ್ ಅಂತ ಒಂದು ರಾತ್ರಿ ಅತ್ತಿದ್ದ. ಈ ಕಾಯಿಲೆಯಲ್ಲೂ ಅದು ಏರುತ್ತದೆ. ಮತ್ತೆ ಇದು ಎಷ್ಟು ಹರಡಿದೆ ಅನ್ನುವುದಕ್ಕೆ ಒಂದರಿಂದ ನಾಲ್ಕರವರೆಗೆ ಹಂತ ಹೇಳುತ್ತಾರೆ. ಹಂತ ನಾಲ್ಕು ಎಂದ ಮಾತ್ರಕ್ಕೆ ನೋವು ಹೆಚ್ಚು, ಹಂತ ಒಂದು ಎಂದರೆ ಕಡಿಮೆ, ಹಾಗೇನಿಲ್ಲ. ಲೆಕ್ಕದ ಮೇಷ್ಟ್ರಾದ ನನಗೆ ಇದು ಬಹಳ ದಿನ ಅರಗಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಹೆರುವ ವಯಸ್ಸಿನ ಹತ್ತು ಹೆಂಗಸರಲ್ಲಿ ಒಬ್ಬರಿಗೆ ಇದಿದೆ, ಲೋಕದಲ್ಲಿ ಸುಮಾರು 19 ಕೋಟಿ. ನನ್ನ ಕ್ಲಾಸಿನಲ್ಲಿ ಇಪ್ಪತ್ತೆರಡು ಹುಡುಗಿಯರು. ಲೆಕ್ಕ ಹಾಕಬಾರದು ಅಂದುಕೊಂಡರೂ ಹಾಕಿದೆ.

ನಡುವೆ ಒಂದು ವಿಷಯ. ದುಗ್ಗಮ್ಮನ ಜಾತ್ರೆ ಬಂದಾಗ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಮುಟ್ಟು ಮುಂದೂಡುವ ಮಾತ್ರೆ ಕೊಡುವುದು ನಿಮಗೆಲ್ಲ ಗೊತ್ತು. ಅದನ್ನು ನುಂಗುವಷ್ಟು ದಿನ ನನ್ನ ಹೊಟ್ಟೆ ತಣ್ಣಗಿರುತ್ತಿತ್ತು, ನಾನದನ್ನು ದೇವಿಯ ಮಹಿಮೆ ಅಂದುಕೊಂಡಿದ್ದೆ. ಡಾಕ್ಟರಮ್ಮ ನಕ್ಕರು. ಅದೇ ಜಾತಿಯ ಹಾರ್ಮೋನು ಈ ಕಾಯಿಲೆಗೂ ಮದ್ದಂತೆ. ಹಾಗಂತ ನೀವೇ ಅಂಗಡಿಯಿಂದ ತಂದು ನುಂಗಬೇಡಿ. ದೇವಿಯ ಮಹಿಮೆಯನ್ನೂ ನಾನು ಅಲ್ಲಗಳೆಯುತ್ತಿಲ್ಲ, ಅಮ್ಮ ಇದನ್ನು ಓದುತ್ತಾಳೆ.

ಮುಂದೇನು ಅನ್ನುವುದನ್ನು ಅವರು ನನಗೇ ಬಿಟ್ಟರು. ನೋವಿಗಷ್ಟೇ ಮಾತ್ರೆ ಸಾಕೇ, ಮುಟ್ಟು ನಿಲ್ಲಿಸುವ ಹಾರ್ಮೋನೇ, ಗರ್ಭಕೋಶದೊಳಗೆ ಇಡುವ ಸಾಧನವೇ, ಕೆಲವು ತಿಂಗಳು ಋತುಬಂಧದ ಹಾಗೆ ಮಾಡುವ ಇಂಜೆಕ್ಷನ್ನೇ, ಆಪರೇಷನ್ನೇ? ಇಂಜೆಕ್ಷನ್ ಬಹಳ ದಿನ ಎಳೆದರೆ ಮೂಳೆ ಸವೆಯುತ್ತದೆ. ಗಡ್ಡೆ ತೆಗೆದರೆ ಅಂಡಾಶಯದಲ್ಲಿ ಉಳಿದಿರುವ ಅಂಡಗಳೂ ಒಂದಿಷ್ಟು ಹೋಗಬಹುದು, ಅದಕ್ಕೇ ಮೊದಲು ಅಂಡಗಳು ಎಷ್ಟು ಉಳಿದಿವೆ ಅಂತ ಅಂದಾಜಿಸುವ ಎಎಂಎಚ್ ಅನ್ನೋ ರಕ್ತಪರೀಕ್ಷೆ. ಆಪರೇಷನ್ ಆದರೂ ತಿರುಗಿ ಬರಬಹುದು. ಬೇರುಸಮೇತ ಕೀಳುವ ಮದ್ದು ಇನ್ನೂ ಇಲ್ಲ. "ಮಗು ಆದ್ರೆ ಹೋಗುತ್ತಲ್ವಾ ಡಾಕ್ಟ್ರೇ" ಅಂತ ಅತ್ತೆ ಕೇಳಿದ್ದಕ್ಕೆ, "ಮಗು ಬೇಕು ಅಂದ್ರೆ ಮಗುಗೋಸ್ಕರ ಹೆರಲಿ, ಮದ್ದಿಗೋಸ್ಕರ ಬೇಡ" ಅಂದರು. ಅತ್ತೆ ಆವತ್ತು ಮುಖ ಊದಿಸಿದ್ದರು. ಈಗ ಬೇರೆಯವರಿಗೆ ಅದೇ ಮಾತು ತಮ್ಮದೇ ಅನ್ನೋ ಹಾಗೆ ಹೇಳುತ್ತಾರೆ.

ನಮಗಿನ್ನೂ ಮಕ್ಕಳಾಗಿಲ್ಲ. ಈಗ ನುಂಗುತ್ತಿರುವ ಮಾತ್ರೆ ನಿಲ್ಲಿಸಿದರಷ್ಟೇ ಅದರ ಪ್ರಯತ್ನ. ನಿಲ್ಲಿಸಿದರೆ ನೋವು ಬರುತ್ತದೇನೋ ಅನ್ನುವ ಹೆದರಿಕೆಗೆ ದಿನ ಮುಂದೂಡುತ್ತಿದ್ದೇನೆ. ಸಿಟ್ಟು ಬರುತ್ತದೆ. ಹದಿನೇಳು ವರ್ಷ "ಎಲ್ಲರಿಗೂ ಆಗುತ್ತೆ, ನೀನೊಬ್ಬಳೇ ಏನು" ಅನ್ನಿಸಿಕೊಂಡೆ. ಅದಕ್ಕಿಂತ ಹೆಚ್ಚಾಗಿ ನನಗೆ ನಾನೇ ಅಂದುಕೊಂಡೆ, ನನಗೆ ತಾಳಿಕೆ ಸಾಲದು ಅಂತ. ಪರೀಕ್ಷೆ ಬಿಟ್ಟೆ, ಗೆಳತಿಯರ ಮದುವೆ ಬಿಟ್ಟೆ, ನೆಪ ಹೇಳಿ ಹೇಳಿ ಸುಳ್ಳುಬುರುಕಿ ಆದೆ. ಇದನ್ನು ಬರೆಯುತ್ತಾ ಕೈ ನಡುಗಿತು. ಎದ್ದು ಹೋಗಿ ನೀರು ಕುಡಿದು ಬಂದೆ.

ಆಪರೇಷನ್ ಆದ ರಾತ್ರಿಗೆ ಬರುತ್ತೇನೆ. ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರನ್ನು ಬಿಡುವುದಿಲ್ಲ. ಯಜಮಾನರು ಕೆಳಗಡೆ ಬೆಂಚಿನ ಮೇಲೆ, ಅಮ್ಮನಿಗೆ ಬಿಪಿ, ಅತ್ತೆಗೆ ಮಂಡಿನೋವು. ಅಕ್ಕ ಚಾಪೆ ಸುತ್ತಿಕೊಂಡು ಬಂದರು. ಹೊಟ್ಟೆಯ ಗಾಯ ತಡೆಯುವ ಹಾಗಿತ್ತು, ಬಲಭುಜ ಮಾತ್ರ ಸಿಡಿಯುತ್ತಿತ್ತು. ಆಪರೇಷನ್ ವೇಳೆ ಹೊಟ್ಟೆ ಉಬ್ಬಿಸಲು ತುಂಬಿದ ಗ್ಯಾಸು ಒಂದಿಷ್ಟು ಉಳಿದು, ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಯನ್ನು ಕೆಣಕಿದರೆ ನೋವು ಭುಜಕ್ಕೆ ಹೊಡೆಯುತ್ತದೆ, ಮೆಲ್ಲಗೆ ನಡೆದಾಡಿ ಅಂತ ನರ್ಸ್ ಹೇಳಿದರು. "ಕೊನಿಗೂ ಗ್ಯಾಸೇ ಅಂದ್ರಲ್ಲ!" ಅಂತ ಅಕ್ಕ ನಕ್ಕಿದ್ದಕ್ಕೆ ಹೊಲಿಗೆ ಹಿಡಿದುಕೊಂಡು ನಾನೂ ನಕ್ಕೆ.

ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ, ಅವರ ಹೆಗಲ ಮೇಲೆ ನನ್ನ ಕೈ. ನಾಲ್ಕನೆಯದೋ ಐದನೆಯದೋ ಸುತ್ತಿನಲ್ಲಿ, ನಾನು ಕೇಳದೆಯೇ ಹೇಳಿದರು.

"ನನ್ನ ಚೀಲ ತೆಗೆದಾಗ ನನಗೆ ಇಪ್ಪತ್ತೇಳು."

ನಾನು ನಿಂತೆ. ಅವರು ನಿಲ್ಲಲಿಲ್ಲ, ನನ್ನನ್ನೂ ನಡೆಸಿದರು.

"ನಿನ್ನಂಗೇ ಬೀಳ್ತಿದ್ದೆ. ಎರಡು ಹೆತ್ತಾಗೈತಲ್ಲ, ಇನ್ಯಾಕ ಅದು ಅಂದ್ರು. ನಮ್ಮ ಯಜಮಾನ್ರು ಸಹಿ ಮಾಡಿದ್ರು. ಯಾವ ಜಡ್ಡು ಅಂತ ಯಾರೂ ಹೇಳ್ಲಿಲ್ಲ, ನಾವೂ ಕೇಳ್ಲಿಲ್ಲ."

"ಆಮೇಲೆ ನೋವು ಹೋಯ್ತಾ ಅಕ್ಕ?"

"ಮುಟ್ಟು ಹೋತು. ನೋವು ಹೋಗ್ಲಿಲ್ಲ. ಯಾರ ಮುಂದೆ ಹೇಳಲಿ? ಚೀಲಾನೇ ಇಲ್ಲ ಅಂದಮ್ಯಾಗೆ ಎಲ್ಲಿ ನೋಯ್ತೈತಿ ಅಂತಾರೆ."

ಅಷ್ಟೇ. ಮತ್ತೆ ಆ ತುದಿ ಬಂತು, ತಿರುಗಿದೆವು.

ಮುಂದಿನ ಸಲ ತೋರಿಸಲು ಹೋದಾಗ ಡಾಕ್ಟರಮ್ಮನನ್ನು ಕೇಳಿದೆ. ಕಾಯಿಲೆ ಇರುವುದು ಗರ್ಭಕೋಶದ ಹೊರಗಾದ್ದರಿಂದ ಗರ್ಭಕೋಶವೊಂದನ್ನು ತೆಗೆದರೆ ಗುಣವಾಗುವ ಖಾತ್ರಿ ಇಲ್ಲ, ಹೊರಗಿನದು ಉಳಿದರೆ ನೋವೂ ಉಳಿಯಬಹುದು ಅಂದರು. ಅಕ್ಕನಿಗೆ ಇದೇ ಇತ್ತೇ ಅಂತ ಇಪ್ಪತ್ತೈದು ವರ್ಷದ ಮೇಲೆ ಯಾರೂ ಹೇಳಲಾರರು. ಮನೆಗೆ ಬಂದು ಇಷ್ಟನ್ನೂ ಅಕ್ಕನಿಗೆ ಹೇಳಿದೆ. ರೊಟ್ಟಿ ಬಡಿಯುವುದು ನಿಲ್ಲಿಸಿ, "ಏನಂದಿ ಹೆಸರು?" ಅಂದರು. ಮತ್ತೆ ಹೇಳಿದೆ. ಎರಡು ಸಲ ಹೇಳಲು ನೋಡಿ, ಬಾಯಿಗೆ ಬರದೆ, "ಬರಿ ಅಲ್ಲಿ" ಅಂತ ಆರ್ಡರ್ ಗುರುತು ಹಾಕುವ ಗೋಡೆ ಕ್ಯಾಲೆಂಡರು ತೋರಿಸಿದರು. ಬರೆದೆ. ವರ್ಷ ಮುಗಿದು ಕ್ಯಾಲೆಂಡರ್ ಬದಲಾಯಿತು. ಆ ಹಾಳೆ ಮಾತ್ರ ಹರಿದು ಹಿಟ್ಟಿನ ಡಬ್ಬಿಯ ಮೇಲೆ ಅಂಟಿಸಿದ್ದಾರೆ. "50 ಕಡಕ್" ಮತ್ತು "ಶೇಂಗಾ ಚಟ್ನಿ ಅರ್ಧ ಕೆಜಿ" ನಡುವೆ ನನ್ನ ಕೈಬರಹದಲ್ಲಿ ಎಂಡೊಮೆಟ್ರಿಯೋಸಿಸ್.

ನಾನು ಬಚ್ಚಲಲ್ಲಿ ಬಿದ್ದ ಆ ಬೆಳಗಿನ ಜಾವ ಅಕ್ಕನಿಗೆ ಗೃಹಪ್ರವೇಶವೊಂದರ ಇನ್ನೂರು ರೊಟ್ಟಿಯ ಆರ್ಡರ್ ಇತ್ತಂತೆ. ಅದು ಆಗಲಿಲ್ಲ, ಆ ಗಿರಾಕಿ ಮತ್ತೆ ಬರಲಿಲ್ಲ. ಇದನ್ನು ಮೊನ್ನೆ ಅವರ ಮಗ ಹೇಳಿದ್ದು. ಓಡಿ ಹೋಗಿ ಕೇಳಿದರೆ, "ಅವ್ರು ದುಡ್ಡೂ ಸರಿಯಾಗಿ ಕೊಡ್ತಿರ್ಲಿಲ್ಲ ಬಿಡು" ಅಂದರು.

ಅಕ್ಕಾ, ಇದನ್ನು ನಿಮ್ಮ ಮಗ ನಿಮಗೆ ಓದಿ ಹೇಳುತ್ತಾನೆ. ಭಾನುವಾರ ಶಾಲೆಯ ಮೇಡಂಗಳೆಲ್ಲ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದಾರೆ. ಅರವತ್ತು ರೊಟ್ಟಿ ಬೇಕು, ಮೆತ್ತಗಿನವು. ಕ್ಯಾಲೆಂಡರಿನಲ್ಲಿ ಬರೆದಿಡಿ. ಈ ಸಲ ದುಡ್ಡು ತೆಗೆದುಕೊಳ್ಳಲೇಬೇಕು.