ಕೋಳಿ ಸತ್ತ ಜಾಗ ಅಂತ ಕೈಬಿಡುವುದೇ?

ಮಾನ್ಯ ಸಂಪಾದಕರೇ,

ವರ್ಜೀನಿಯಾ ರಾಜ್ಯದ ನದಿದಂಡೆಯಲ್ಲಿರುವ, ಅಂತರ್ಯುದ್ಧದ ಕಾಲದ ಅಕ್ವಿಯಾ ಲ್ಯಾಂಡಿಂಗ್ ತೋರಿಸದೆ ಬಸ್ಸು ತಿರುಗಿಸಿದ ಅಮೆರಿಕ ಪ್ರವಾಸದ ವರದಿ ಓದಿದೆ. ಆ ಬಸ್ಸಿನಲ್ಲಿ ನಾನೂ ಇದ್ದೆ. 'ಅದು ಸಣ್ಣ ಚಕಮಕಿ ನಡೆದ ಜಾಗ, ನೋಡುವಂಥದ್ದೇನೂ ಇಲ್ಲ' ಎಂದು ಪ್ರವಾಸದವರು ಸಮಜಾಯಿಷಿ ಕೊಟ್ಟಿದ್ದಾರೆ. ಓದಿ ಮೈ ಉರಿಯಿತು.

ನೋಡುವಂಥದ್ದು ಇಲ್ಲದಿದ್ದರೆ ಪಟ್ಟಿಯಲ್ಲಿ ಹಾಕಿದ್ದು ಯಾಕೆ? ಅದಕ್ಕೆ ಬೇರೆ ದುಡ್ಡು ವಸೂಲಿ ಮಾಡಿದ್ದು ಯಾಕೆ? ಬೆಳಗ್ಗೆ ತಿಂಡಿಯನ್ನೂ ಕೊಡದೆ ಹೊರಡಿಸಿದರು. ಮಂಡಿನೋವಿರುವ ನನ್ನ ಅಮ್ಮ ಕಾಲು ಚಾಚಲು ಜಾಗವಿಲ್ಲದೆ ಒದ್ದಾಡಿದರು. ಸಕ್ಕರೆ ಕಾಯಿಲೆಯವರು ಬಿಸ್ಕತ್ತು ತಿಂದು ತಡೆದುಕೊಂಡರು. ಶೌಚಾಲಯಕ್ಕೆ ನಿಲ್ಲಿಸಿ ಎಂದರೆ ಗೈಡ್ ಗದರಿದ. ಕೊನೆಗೆ ಇಳಿಸಿದ್ದು ಒಂದು ಶಾಪಿಂಗ್ ಮಾಲ್ ಮುಂದೆ! ಸಂಜೆವರೆಗೂ ಅಲ್ಲೇ. ಮಾಲ್ ನೋಡಲು ಅಷ್ಟು ದೂರ ಹೋಗಬೇಕಿತ್ತಾ?

ಆ ಜಾಗ ಸಣ್ಣದಲ್ಲ ಸ್ವಾಮಿ. ರಿಚ್ಮಂಡ್ ನಗರದ ಕಡೆಯ ರೈಲು ಹಳಿ ಅಲ್ಲಿಗೆ ಮುಗಿಯುತ್ತಿತ್ತು. ಮುಂದೆ ವಾಷಿಂಗ್ಟನ್‌ಗೆ ಪೊಟೊಮ್ಯಾಕ್ ನದಿಯಲ್ಲಿ ಸ್ಟೀಮರ್ ಹಿಡಿಯಬೇಕಿತ್ತು. ಅದಕ್ಕೇ ಅಮೆರಿಕದ ಅಂತರ್ಯುದ್ಧದಲ್ಲಿ, ದೇಶದಿಂದ ಬೇರೆಯಾಗಲು ಹೊರಟ ದಕ್ಷಿಣ ರಾಜ್ಯಗಳವರು ಅಲ್ಲಿ ಫಿರಂಗಿ ಹೂಡಿದರು. 1861ರ ಮೇ 29ರಿಂದ ಜೂನ್ 1ರವರೆಗೆ ಅಮೆರಿಕ ಸರ್ಕಾರದ ನೌಕಾಪಡೆಯ ಕಮಾಂಡರ್ ಜೇಮ್ಸ್ ವಾರ್ಡ್ 'ಥಾಮಸ್ ಫ್ರೀಬಾರ್ನ್' ಹಡಗಿನಲ್ಲಿ ಬಂದು ಅವುಗಳ ಮೇಲೆ ಗುಂಡು ಹೊಡೆದರು. ಆದರೂ ಫಿರಂಗಿಗಳನ್ನು ಅಲ್ಲಿಂದ ಎಬ್ಬಿಸಲು ಆಗಲಿಲ್ಲ. ದಕ್ಷಿಣದವರ ವರದಿಯಲ್ಲಿ ಸತ್ತದ್ದು ಒಂದು ಕೋಳಿ, ಒಂದು ಕುದುರೆ. ಗೈಡ್ ಇಷ್ಟನ್ನೇ ಹೇಳಿ ನಕ್ಕುಬಿಟ್ಟ. ಅದೇ ವಾರ್ಡ್ ಜೂನ್ 27ರಂದು ಅದೇ ನದಿಯ ಮಥಾಯಸ್ ಪಾಯಿಂಟ್‌ನಲ್ಲಿ ಗುಂಡು ತಗುಲಿ ಸತ್ತರು. ಆ ಯುದ್ಧದಲ್ಲಿ ಪ್ರಾಣ ಕೊಟ್ಟ ಅಮೆರಿಕ ನೌಕಾಪಡೆಯ ಮೊದಲ ಅಧಿಕಾರಿ ಅವರು. ಆ ವರ್ಷ ಮುಗಿಯುವ ಮೊದಲೇ ನದಿದಂಡೆಯ ಫಿರಂಗಿಗಳಿಗೆ ಹೆದರಿ ರಾಜಧಾನಿಗೆ ಹಡಗುಗಳ ಓಡಾಟ ಬಹುತೇಕ ನಿಂತುಹೋಗಿತ್ತು. ಮರುವರ್ಷ, ಗುಲಾಮಗಿರಿಯಿಂದ ಓಡಿಬಂದ ಸಾವಿರಾರು ಜನ ಇದೇ ಅಕ್ವಿಯಾದಲ್ಲಿ ಹಡಗು ಹತ್ತಿ ಸ್ವತಂತ್ರರಾದರು. ಆ ನೆಲದ ಮೇಲೆ ಒಮ್ಮೆ ನಿಲ್ಲಬೇಕು ಎಂದೇ ನಾನು ಈ ಪ್ರವಾಸಕ್ಕೆ ಸೇರಿದ್ದು. ಯಾರು ಸತ್ತರು ಅನ್ನುವುದರಿಂದ ಮಾತ್ರ ಜಾಗದ ಬೆಲೆ ಕಟ್ಟುತ್ತಾರಾ?

ಇಂಥ ಸಂಸ್ಥೆಗಳನ್ನು ಹದ್ದುಬಸ್ತಿನಲ್ಲಿ ಇಡಬೇಕಾದ ಅಧಿಕಾರಿಗಳು ಏನು ಮಾಡುತ್ತಿದ್ದಾರೆ? ಹಿಂದೆ ಕಾಶಿ ಪ್ರವಾಸದಲ್ಲೂ ಇದೇ ಥರ ಮೋಸವಾಗಿತ್ತು. ದೂರು ಹಿಡಿದು ಕಚೇರಿಗೆ ಹೋದರೆ 'ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ' ಎಂದು ಸಂಜೆವರೆಗೆ ಕೂರಿಸಿ, ನಾಳೆ ಬನ್ನಿ ಎಂದು ಕಳಿಸಿದರು. ನಮ್ಮ ಬೀದಿಯ ಚರಂಡಿಗೆ ಕೊಟ್ಟ ಅರ್ಜಿಗೂ ಅದೇ ಗತಿ. ಮಳೆ ಬಂದರೆ ಈಗಲೂ ಕೊಳಚೆ ಗೇಟಿನವರೆಗೆ ಬರುತ್ತದೆ. ಸಂಬಳ ಮಾತ್ರ ತಪ್ಪದೆ ಬರುತ್ತದೆ ಇವರಿಗೆ.

ನಮ್ಮ ಹಣ ವಾಪಸ್ ಕೊಡಿಸಬೇಕು. ಇಲ್ಲವೇ ಆ ಸಂಸ್ಥೆಯ ಬಾಗಿಲು ಹಾಕಿಸಬೇಕು. ಗೈಡ್‌ಗಳಿಗೆ ಒಂದಿಷ್ಟು ಇತಿಹಾಸವನ್ನಾದರೂ ಓದಿಸಿ. ವಯಸ್ಸಾದವರನ್ನು ಹೀಗೆ ಗೋಳು ಹೊಯ್ದುಕೊಳ್ಳಲು ಇವರಿಗೆ ನಾಚಿಕೆ ಆಗಬೇಕು.

— ನೊಂದ ಪ್ರಯಾಣಿಕ, ಬೆಂಗಳೂರು